ಹಂಪಿಯ ಗೈಡ್‌ಗೆ ಮೊದಲು ಕೇಳಿ: ನಿಮಗೆ ಇಷ್ಟದ ಜಾಗ ಯಾವುದು?

ಹಂಪಿಯಲ್ಲಿ ಇಡೀ ದಿನಕ್ಕೆ ಗೈಡ್ ಇಟ್ಟುಕೊಳ್ಳುವುದು ದುಡ್ಡಿಗೆ ಮೋಸವಿಲ್ಲದ ವ್ಯವಹಾರ. ಆದರೆ ಗೈಡ್‌ಗೆ ಕೇಳುವ ಮೊದಲ ಪ್ರಶ್ನೆ ಮುಖ್ಯ. "ಏನೇನು ತೋರಿಸ್ತೀರಿ?" ಅಂತ ಕೇಳಿದರೆ ಎಲ್ಲರಿಗೂ ಹೇಳುವ ಪಟ್ಟಿಯನ್ನೇ ಹೇಳುತ್ತಾರೆ: ವಿರೂಪಾಕ್ಷ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಕಮಲ ಮಹಲ್, ಕಲ್ಲಿನ ರಥ. "ನಿಮಗೆ ಇಷ್ಟದ ಜಾಗ ಯಾವುದು?" ಅಂತ ಕೇಳಿದರೆ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಬರುವ ಉತ್ತರದಲ್ಲೇ ನಿಮ್ಮ ದಿನ ಹೇಗಿರುತ್ತದೆ ಅನ್ನುವುದು ಗೊತ್ತಾಗುತ್ತದೆ.

ನಮ್ಮ ಗೈಡ್ ಹೇಳಿದ್ದು ಇಷ್ಟು: "ನನಗ ಇಷ್ಟ ಅಂದ್ರ ಭೀಮನ ಬಾಗಿಲು ನೋಡ್ರಿ ಮೇಡಂ. ಅಲ್ಲಿಗೆ ಕರಕೊಂಡು ಹೋಗು ಅಂತ ಯಾರೂ ಕೇಳಂಗಿಲ್ಲ."

ನಾನು ಶಿವಮೊಗ್ಗದವಳು. ಕುಡಿಯುವ ನೀರು ಸರಬರಾಜು ವಿಭಾಗದಲ್ಲಿ ಇಂಜಿನಿಯರ್. ಜೊತೆಗೆ ಮೊಣಕಾಲು ನೋವಿನ ಅಮ್ಮ, ಪಿಯುಸಿ ಓದುವ ಮಗಳು. ಹಿಂದೆ ಒಂದು ಸಲ ಹೊಸಪೇಟೆಯ ಒಂದು ಲಾಡ್ಜ್‌ನವರ ಪ್ಯಾಕೇಜಿನಲ್ಲಿ ಬಂದಿದ್ದಾಗ, ಪ್ರತಿ ಜಾಗದಲ್ಲೂ ಹದಿನೈದು ನಿಮಿಷ ಕೊಟ್ಟು, ಹಾರ್ನ್ ಹೊಡೆದು ವಾಪಸ್ ಕರೆದಿದ್ದರು. ಊರು ನೋಡಿದ್ದೇವೆ ಅನ್ನುವ ಸಮಾಧಾನವೇ ಇರಲಿಲ್ಲ. ಅದಕ್ಕೇ ಈ ಸಲ ಹೋಗುವ ಮುಂಚೆಯೇ ಗಟ್ಟಿ ಮಾಡಿದ್ದೆ: ಊರಿನವರು ಯಾವುದನ್ನು ಪ್ರೀತಿಯಿಂದ ತೋರಿಸುತ್ತಾರೋ ಅದನ್ನೇ ನೋಡೋಣ, ಉಳಿದದ್ದು ಸಮಯ ಸಿಕ್ಕರೆ. ಗೈಡ್, ಆಟೊ ಅಣ್ಣ, ಹರಿಗೋಲು ಹಾಕುವ ಅಜ್ಜ, ಆನೆಗೊಂದಿಯ ಹೋಂಸ್ಟೇ ಅಕ್ಕ, ಎಲ್ಲರಿಗೂ ಇದೇ ಪ್ರಶ್ನೆ ಕೇಳಿದೆವು. ಯಾರೂ ಒಂದೇ ಉತ್ತರ ಕೊಡಲಿಲ್ಲ.

ಶುರು ಮಾಡಿದ್ದು ಕಮಲಾಪುರದಿಂದ. ಅಲ್ಲಿಂದ ಕಂಪ್ಲಿ ರಸ್ತೆಯಲ್ಲಿ ಸ್ವಲ್ಪ ಹೋದರೆ ಗಾಣಗಿತ್ತಿ ಜಿನಾಲಯ. ಮುಂದೆ ಎತ್ತರದ ಕಂಬ, ಅದರ ಮೇಲೆ ಶಾಸನ. ಎರಡನೇ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕುಂಥುನಾಥ ತೀರ್ಥಂಕರನಿಗೆ ಕಟ್ಟಿಸಿದ ಬಸದಿ ಇದು. ಹಂಪಿ ಅಂದರೆ ನಮ್ಮ ಕಣ್ಣಿಗೆ ಬರುವ ಕುಸುರಿ ಇಲ್ಲಿ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಸರಳ ಶಿಖರ, ದಪ್ಪ ಗೋಡೆ, ಒಳಗೆ ತಣ್ಣನೆಯ ಕತ್ತಲು. ಕೃಷ್ಣದೇವರಾಯ ಪಟ್ಟಕ್ಕೆ ಬರುವುದಕ್ಕೆ ನೂರಿಪ್ಪತ್ತು ವರ್ಷಕ್ಕೂ ಮುಂಚಿನ ಕಟ್ಟಡ ಅಂತ ಗೈಡ್ ಹೇಳಿದಾಗ ಮಗಳು ಮತ್ತೊಂದು ಸುತ್ತು ಹಾಕಿ ಬಂದಳು. ಅವಳ ತಲೆಯಲ್ಲಿ ಇಡೀ ವಿಜಯನಗರ ಒಬ್ಬನೇ ರಾಜನದ್ದಾಗಿತ್ತು. ಅವಳೊಬ್ಬಳದ್ದೇ ಅಲ್ಲ, ಬಹಳ ಜನರದ್ದು ಹಾಗೇ ಇದೆ ಅನ್ಸುತ್ತೆ.

ಅಲ್ಲಿಂದ ಸ್ವಲ್ಪವೇ ದೂರ ಭೀಮನ ಬಾಗಿಲು. ಮುಳ್ಳು ಪೊದೆ ಪಕ್ಕದ ಕಾಲುದಾರಿ ಹಿಡಿದು ಹೋಗಬೇಕು, ಗೊತ್ತಿಲ್ಲದವರಿಗೆ ಸಿಗುವುದು ಕಷ್ಟ. ಗೈಡ್ ನಮ್ಮನ್ನು ಕೋಟೆಯ ಹೊರಗೆ ನಿಲ್ಲಿಸಿದರು. "ಈಗ ನೀವು ವೈರಿ ಸೈನ್ಯ. ಒಳಗ ಬರ್ರಿ ನೋಡೋಣ" ಅಂದರು. ಮಗಳು ನೇರ ನುಗ್ಗಿದಳು, ಎದುರಿಗೆ ಗೋಡೆ. ಪಕ್ಕಕ್ಕೆ ತಿರುಗಿದಳು, ಮತ್ತೆ ಗೋಡೆ. ಬಾಗಿಲಿಗೆ ನೇರ ದಾರಿಯೇ ಇಲ್ಲ, ತಿರುಗಿ ತಿರುಗಿಯೇ ಹೋಗಬೇಕು. ಆನೆ ಓಡಿ ಬಂದು ಬಾಗಿಲಿಗೆ ಗುದ್ದುವುದಕ್ಕೆ ಜಾಗವೇ ಸಿಗದ ಹಾಗೆ ಕಟ್ಟಿದ್ದಾರೆ. ಪ್ರತಿ ತಿರುವಿನಲ್ಲೂ ಮೇಲೆ ನಿಂತ ಕಾವಲುಗಾರನ ಕಣ್ಣ ಕೆಳಗೇ ನಡೆಯಬೇಕು. 1443ರಲ್ಲಿ ಪರ್ಷಿಯಾದಿಂದ ಬಂದಿದ್ದ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆಯ ಬಗ್ಗೆ ಬರೆದಿದ್ದಾನೆ. ಶಾಲೆಯಲ್ಲಿ ಆ ಸಾಲನ್ನು ಬಾಯಿಪಾಠ ಮಾಡಿದ್ದೆವು. ಆ ಕೋಟೆ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದು ಮೈಗೆ ತಿಳಿದಿದ್ದು ಇಲ್ಲಿ.

ಅಲ್ಲೇ ಒಂದು ಚಪ್ಪಡಿಯಲ್ಲಿ ಭೀಮ, ಕೈಯಲ್ಲಿ ಸೌಗಂಧಿಕಾ ಪುಷ್ಪ. ಕೋಟೆಯ ಕಾವಲಿಗೆ ನಿಂತ ಗಟ್ಟಿ ಆಳಿನ ಕೈಯಲ್ಲಿ ಹೆಂಡತಿಗೆ ತಂದ ಹೂವು. ಅಮ್ಮನಿಗೆ ಇದು ತುಂಬಾ ಹಿಡಿಸಿತು. ದ್ರೌಪದಿಯ ಕಥೆಯನ್ನು ಮೊದಲಿಂದ ಶುರು ಮಾಡಿದರು. ಗೈಡ್ ನಡುವೆ ಬಾಯಿ ಹಾಕದೆ ಕೈಕಟ್ಟಿ ನಿಂತು ಪೂರ್ತಿ ಕೇಳಿದರು. ಈ ಗುಣವನ್ನು ನಾನು ಈ ವಿಮರ್ಶೆಯಲ್ಲಿ ಬರೆಯಲೇಬೇಕು. ಗೈಡ್ ಆದವರು ತಾವೇ ಮಾತಾಡುತ್ತಾ ಹೋಗುವುದು ಸಾಮಾನ್ಯ. ಇವರು ಕೇಳಿಸಿಕೊಳ್ಳುತ್ತಿದ್ದರು.

ಇನ್ನೊಂದು ವಿಷಯ. ಹಂಪಿಯಲ್ಲಿ ಪುರಾಣ ಮತ್ತು ಇತಿಹಾಸ ಒಂದೇ ಬಂಡೆಯ ಮೇಲೆ ಕೂತಿರುತ್ತವೆ. ಸುಗ್ರೀವನ ಗುಹೆ, ಸೀತೆಯ ಸೆರಗಿನ ಗುರುತು, ವಾಲಿಯ ಭಂಡಾರ. ಎರಡನ್ನೂ ಕಲಸಿ ಹೇಳಿದರೆ ಕೇಳುವವರಿಗೆ ಯಾವುದು ಯಾವುದೋ ಗೊತ್ತಾಗುವುದಿಲ್ಲ. ನಾನು ಬೆಳಿಗ್ಗೆಯೇ ಹೇಳಿದ್ದೆ, "ಕಥೆ ಕಥೆಯಾಗಿ ಹೇಳಿ, ಶಾಸನದ್ದು ಶಾಸನ ಅಂತ ಹೇಳಿ". ಅವರು ಇಡೀ ದಿನ ಹಾಗೇ ಹೇಳಿದರು. ನೀವೂ ಮೊದಲೇ ಕೇಳಿಕೊಳ್ಳಿ. ಸರ್ಕಾರದ ಗುರುತಿನ ಚೀಟಿ ಇರುವ ಗೈಡ್‌ಗಳಿಗೆ ಎರಡೂ ಗೊತ್ತಿರುತ್ತದೆ, ಕೇಳುವವರಿಗೆ ಏನು ಬೇಕೋ ಅದನ್ನು ಕೊಡುತ್ತಾರೆ.

ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ಒಂದು ಮಂಟಪ ಇದೆ. ರಸ್ತೆಯಿಂದ ನೋಡಿದರೆ ಹಂಪಿಯ ನೂರಾರು ಕಂಬದ ಮಂಟಪಗಳಲ್ಲಿ ಅದೂ ಒಂದು. ಗುಮ್ಮಟವಿಲ್ಲ, ಮಿನಾರ್ ಇಲ್ಲ. ಅದು ಮಸೀದಿ. ಎರಡನೇ ದೇವರಾಯನ ಸೈನ್ಯದಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು. ಅಲ್ಲಿನ ಕನ್ನಡ ಶಾಸನ ಅದನ್ನು 'ಧರ್ಮಸಾಲೆ' ಅನ್ನುತ್ತದೆ, ದೊರೆಗೆ ಪುಣ್ಯವಾಗಲಿ ಅಂತ ಕಟ್ಟಿಸಿದ್ದು ಅನ್ನುತ್ತದೆ. ಪಕ್ಕದಲ್ಲೇ ಗುಮ್ಮಟದ ಗೋರಿ. ಇದನ್ನು ತೋರಿಸಿದ್ದು ಆಟೊ ಅಣ್ಣ. ನಾವು ಇವರನ್ನು ಡ್ರೈವರ್ ಅಂತಷ್ಟೇ ಗೊತ್ತು ಮಾಡಿಕೊಂಡಿದ್ದೆವು, ಆದರೆ ತಮ್ಮ ಇಷ್ಟದ ಜಾಗ ಕೇಳಿದ್ದೇ ತಡ ಆಟೊ ತಿರುಗಿಸಿಬಿಟ್ಟರು. ಅವರ ಮಾತು: "ನಮ್ಮೂರಾಗ ಮೊದಲಿಂದ ಎಲ್ಲರೂ ಇದ್ದರು ಅಂತ ಮಕ್ಕಳಿಗೆ ತೋರಿಸ್ಬೇಕ್ರಿ. ಅದಕ್ಕ ಇಲ್ಲಿಗೆ ಕರಕೊಂಡು ಬರ್ತೀನಿ." ಗೈಡ್ ತಲೆಯಾಡಿಸಿ, ಶಾಸನದಲ್ಲಿ ಏನಿದೆ ಅಂತ ವಿವರಿಸಿದರು. ಇಬ್ಬರೂ ಸೇರಿ ತೋರಿಸಿದ ಈ ಜಾಗ ನನ್ನ ಮಟ್ಟಿಗೆ ಹಂಪಿಯ ಅತಿ ಮುಖ್ಯವಾದ ಕಟ್ಟಡಗಳಲ್ಲಿ ಒಂದು. ನಾವಿದ್ದಷ್ಟು ಹೊತ್ತು ಬೇರೆ ಯಾರೂ ಬರಲಿಲ್ಲ.

ಕಮಲಾಪುರದ ಪಟ್ಟಾಭಿರಾಮ ದೇವಸ್ಥಾನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅಚ್ಯುತರಾಯನ ಕಾಲದ್ದು, ಬಹಳ ದೊಡ್ಡ ಆವರಣ, ಹುಲ್ಲುಹಾಸು, ನೆರಳು. ಅಮ್ಮ ಒಂದು ಕಂಬಕ್ಕೆ ಒರಗಿ ಚೆನ್ನಾಗಿ ವಿಶ್ರಾಂತಿ ತಗೊಂಡರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಮಧ್ಯಾಹ್ನದ ಬಿಸಿಲಿಗೆ ಇದನ್ನು ಇಟ್ಟುಕೊಳ್ಳಿ.

ಈಗ ನೀರಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಯಾಕೆಂದರೆ ನನ್ನ ಕೆಲಸವೇ ಅದು. ಗೈಡ್‌ಗೆ ಅದು ಗೊತ್ತಾದ ಮೇಲೆ ಅವರು ದಿನದ ಯೋಜನೆಯನ್ನೇ ಬದಲಾಯಿಸಿದರು.

ರಾಜಾಂಗಣದ ಮೆಟ್ಟಿಲು ಪುಷ್ಕರಣಿಯನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಕಪ್ಪು ಕಲ್ಲು, ಐದು ಅಂತಸ್ತು, ಜ್ಯಾಮಿತಿ ಪುಸ್ತಕದಿಂದ ಎದ್ದು ಬಂದ ಹಾಗಿರುವ ಮೆಟ್ಟಿಲು. ಇದು ನೆಲದಡಿ ಹೂತಿತ್ತು. 1980ರ ದಶಕದ ಉತ್ಖನನದಲ್ಲಿ ಹೊರಬಂತು. ಗೈಡ್ ನಮ್ಮನ್ನು ಅಂಚಿನಲ್ಲಿ ಕೂರಿಸಿ ಕಲ್ಲುಗಳ ಮೇಲೆ ಬೆರಳು ತೋರಿಸಿದರು. ಕಲ್ಲಿನ ಮೇಲೆ ಸಣ್ಣ ಗೀರು, ಅಕ್ಷರ, ಗುರುತು. ಈ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ, ಎಷ್ಟನೆಯದು ಅಂತ. ಅಂದರೆ ಕಲ್ಲುಗಳನ್ನು ಬೇರೆ ಕಡೆ ಅಳತೆಗೆ ಸರಿಯಾಗಿ ಕೆತ್ತಿ, ಗುರುತು ಹಾಕಿ, ತಂದು ಇಲ್ಲಿ ಜೋಡಿಸಿದ್ದಾರೆ. ಸೈಟಿನಲ್ಲಿ ಪೈಪಿನ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆಸುವುದು ನನ್ನ ದಿನನಿತ್ಯದ ಕೆಲಸ. ಅದೇ ಕೆಲಸವನ್ನು ಇಲ್ಲಿ ಯಾರೋ ಉಳಿಯಲ್ಲಿ ಮಾಡಿದ್ದಾರೆ. ಬಹಳ ಹೊತ್ತು ಅಲ್ಲಿಂದ ಏಳಲು ಮನಸ್ಸು ಬರಲಿಲ್ಲ.

ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆ ಈಗಲೂ ನಿಂತಿದೆ. ಕಂಬಗಳ ಮೇಲೆ ಕಲ್ಲಿನ ತೊಟ್ಟಿ ಆಕಾರದ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಇಟ್ಟಿದ್ದಾರೆ. ಕೆಳಗೆ ನೆಲದಲ್ಲಿ ಸುಟ್ಟ ಮಣ್ಣಿನ ಕೊಳವೆಗಳ ಸಾಲು, ಕೀಲಿಗೆ ಗಾರೆ. ಪಂಪು ಇಲ್ಲ, ಮೋಟರ್ ಇಲ್ಲ. ಎತ್ತರದಲ್ಲಿರುವ ಕಮಲಾಪುರದ ಕೆರೆಯಿಂದ ಇಳಿಜಾರಿನ ಮೇಲೆಯೇ ನೀರು ಅರಮನೆಗೆ, ಸ್ನಾನದ ಕೊಳಗಳಿಗೆ, ಪುಷ್ಕರಣಿಗೆ ಹೋಗುತ್ತಿತ್ತು. ಇಳಿಜಾರು ಜಾಸ್ತಿಯಾದರೆ ನೀರಿನ ರಭಸಕ್ಕೆ ಕಾಲುವೆ ಕೊರೆದು ಹೋಗುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಬಂಡೆಗಳೇ ತುಂಬಿದ ಈ ನೆಲದಲ್ಲಿ ಅಷ್ಟು ಸಣ್ಣ ಇಳಿಜಾರನ್ನು ಅಷ್ಟು ದೂರ ಕಾಯ್ದುಕೊಂಡಿದ್ದಾರೆ. ಕೈಯಲ್ಲಿ ಲೆವೆಲಿಂಗ್ ಯಂತ್ರ ಹಿಡಿದ ನಮಗೂ ಇದು ಸುಲಭದ ಕೆಲಸವಲ್ಲ.

ಅಲ್ಲಿಂದ ಗೈಡ್ ಕರೆದುಕೊಂಡು ಹೋದದ್ದು ಭೋಜನಶಾಲೆಗೆ. ಒಂದು ಸಣ್ಣ ಕಾಲುವೆ, ಎರಡೂ ದಡದಲ್ಲಿ ಸಾಲಾಗಿ ಕಲ್ಲಿನ ತಟ್ಟೆಗಳು. ಕೆಲವು ಬಾಳೆ ಎಲೆಯ ಹಾಗೆ, ಕೆಲವುದರಲ್ಲಿ ಪಲ್ಯಕ್ಕೆ, ಸಾರಿಗೆ ಅಂತ ಬೇರೆ ಬೇರೆ ಗುಳಿ. ಮಗಳು ಒಂದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಉಪ್ಪಿನಕಾಯಿ ಎಲ್ಲಿ ಬಡಿಸ್ತಿದ್ರು?" ಅಂತ ಕೇಳಿದಳು. ಅಮ್ಮ ಎಡತುದಿಯ ಸಣ್ಣ ಗುಳಿ ತೋರಿಸಿದರು.

ಆಮೇಲೆ ಬಡವಿಲಿಂಗ. ಉಗ್ರನರಸಿಂಹನ ಪಕ್ಕದಲ್ಲೇ ಇದೆ, ಎಲ್ಲರೂ ಇಣುಕಿ ಹೋಗುತ್ತಾರೆ. ಸುಮಾರು 3 ಮೀಟರ್ ಎತ್ತರದ ಲಿಂಗ, ಕೆಳಗೆ ಯಾವಾಗಲೂ ನೀರು. ಆ ನೀರು ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಗೈಡ್ ನಮ್ಮನ್ನು ಪಕ್ಕದ ಗದ್ದೆ ಬದುವಿಗೆ ಇಳಿಸಿದರು. ತುರ್ತು ಕಾಲುವೆ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಒಡ್ಡು ಕಟ್ಟಿ ತಿರುಗಿಸಿದ ನೀರು, ಇವತ್ತೂ ಹರಿಯುತ್ತಿದೆ. ನಾವು ನಿಂತಾಗ ಒಬ್ಬ ರೈತ ಬಾಳೆ ತೋಟಕ್ಕೆ ಅದೇ ನೀರು ಬಿಡುತ್ತಿದ್ದ. ಸಲಿಕೆಯಲ್ಲಿ ಎರಡು ಗುದ್ದು ಮಣ್ಣು ಎತ್ತಿ ಹಾಕಿದ, ನೀರು ಪಕ್ಕಕ್ಕೆ ತಿರುಗಿತು. 1565ರ ಯುದ್ಧದ ನಂತರ ಅರಮನೆ, ಬಜಾರು ಎಲ್ಲ ಹಾಳಾಯಿತು, ಕಾಲುವೆ ಮಾತ್ರ ಕೆಲಸ ಬಿಡಲಿಲ್ಲ. 'ಹಾಳು ಹಂಪಿ' ಅನ್ನುವ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ ಅಲ್ವಾ? ಈ ಬದುವಿನ ಮೇಲೆ ನಿಂತು ಆ ಮಾತು ಆಡಲು ಆಗುವುದಿಲ್ಲ.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ಇಲ್ಲಿಗೆ ಬಂದಾಗ ಕೃಷ್ಣದೇವರಾಯ ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದ. ಕೆಲಸದಲ್ಲಿದ್ದವರು 15ರಿಂದ 20 ಸಾವಿರ ಜನ ಇರಬೇಕು, ಇರುವೆಗಳ ಹಾಗೆ ಕಾಣುತ್ತಿದ್ದರು ಅಂತ ಬರೆದಿದ್ದಾನೆ. ಗೈಡ್ ಇದನ್ನು ಕಾಲುವೆ ಪಕ್ಕದಲ್ಲೇ ನಿಂತು ಹೇಳಿದರು. ಎಲ್ಲಿ ಯಾವ ಮಾತು ಹೇಳಬೇಕು ಅನ್ನುವ ಹದ ಅವರಿಗೆ ಗೊತ್ತು.

ಸಂಜೆಗೆ ಮಾತಂಗ ಬೆಟ್ಟ, ಹೇಮಕೂಟ ಅಂತ ಎಲ್ಲರೂ ಓಡುತ್ತಾರೆ. ನಮ್ಮನ್ನು ಮಾಲ್ಯವಂತಕ್ಕೆ ಕರೆದುಕೊಂಡು ಹೋದರು. ವಾಹನ ಮೇಲಿನವರೆಗೂ ಹೋಗುತ್ತದೆ, ಅಮ್ಮನಿಗೆ ತೊಂದರೆ ಆಗಲಿಲ್ಲ. ರಘುನಾಥ ದೇವಸ್ಥಾನವನ್ನು ಒಂದು ಹೆಬ್ಬಂಡೆಗೆ ಅಂಟಿಸಿ ಕಟ್ಟಿದ್ದಾರೆ. ಗರ್ಭಗುಡಿಯ ಚಾವಣಿಯಿಂದ ಬಂಡೆ ಮೇಲೆ ಎದ್ದು ಬಂದಿದೆ, ಬಂಡೆಯ ತುದಿಗೆ ಶಿಖರ. ಒಳಗೆ ರಾಮ ಬಿಲ್ಲು ಹಿಡಿದಿಲ್ಲ, ಕೂತಿದ್ದಾನೆ. ಮಳೆಗಾಲ ಮುಗಿಯುವವರೆಗೆ ರಾಮ ಲಕ್ಷ್ಮಣರು ಕಾದದ್ದು ಈ ಬೆಟ್ಟದಲ್ಲಿ ಅಂತ ಇಲ್ಲಿನ ನಂಬಿಕೆ. ಹಗಲೂ ರಾತ್ರಿ ರಾಮಾಯಣ ಪಾರಾಯಣ ನಡೆದೇ ಇರುತ್ತದೆ. ಗೋಡೆಯ ಮೇಲೆ ಮೀನು, ಜಲಚರಗಳ ಕೆತ್ತನೆ. ಹಿಂಬದಿಗೆ ಹೋದರೆ ಬಂಡೆ ಸೀಳಿನಲ್ಲಿ ನೀರು, ಅದರ ಅಂಚಿನುದ್ದಕ್ಕೂ ಸಾಲಾಗಿ ಸಣ್ಣ ಸಣ್ಣ ಲಿಂಗ, ನಂದಿ. ಈ ಹಿಂಬದಿ ಗೈಡ್ ಇಲ್ಲದೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಮಾರನೇ ದಿನ ಗೈಡ್ ಇರಲಿಲ್ಲ, ನದಿಯವರ ಕೈಗೆ ನಮ್ಮನ್ನು ಒಪ್ಪಿಸಿದ್ದರು. ಕೋದಂಡರಾಮ ದೇವಸ್ಥಾನದ ಮುಂದೆ, ಚಕ್ರತೀರ್ಥದಲ್ಲಿ ಹರಿಗೋಲು. ಬಿದಿರಿನ ಹೆಣಿಗೆ, ಕೆಳಗೆ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಡಾಂಬರು. ಪಾಯಸ್ ನೋಡಿದಾಗ ಹೊರಗೆ ಚರ್ಮ ಹೊದಿಸಿರುತ್ತಿದ್ದರಂತೆ. ಬುಟ್ಟಿ ಆಕಾರದ ಇದೇ ದೋಣಿಯಲ್ಲಿ ಹದಿನೈದಿಪ್ಪತ್ತು ಜನ ನದಿ ದಾಟುತ್ತಿದ್ದರು ಅಂತ ಬರೆದಿದ್ದಾನೆ. ನಮ್ಮನ್ನು ಕರೆದುಕೊಂಡು ಹೋದ ಅಜ್ಜ ಮಾತು ಕಡಿಮೆ. ಇಷ್ಟದ ಜಾಗ ಕೇಳಿದಾಗ "ಕೋಟಿಲಿಂಗ" ಅಂದವರು, ಸ್ವಲ್ಪ ಹೊತ್ತಾದ ಮೇಲೆ "ಮತ್ತ ನೀರುನಾಯಿ" ಅಂತ ಸೇರಿಸಿದರು.

ಕೋಟಿಲಿಂಗಕ್ಕೆ ರಸ್ತೆಯಿಂದ ಬೋರ್ಡು ಕಾಣಲಿಲ್ಲ. ಬಂಡೆ ಹತ್ತಿ ಇಳಿದೂ ಬರಬಹುದು, ಹರಿಗೋಲು ಸುಲಭ. ನದಿ ಅಂಚಿನ ಚಪ್ಪಟೆ ಬಂಡೆಯ ಮೇಲೆ ಚೌಕಾಕಾರದಲ್ಲಿ ಸಾಲು ಸಾಲು ಲಿಂಗ, 1008. ಪಕ್ಕದಲ್ಲಿ ಇನ್ನೊಂದು ಗುಂಪು, 108. ಹತ್ತಿರದ ಬಂಡೆಯಲ್ಲಿ ಅನಂತಶಯನ. ಲಿಂಗಗಳ ನಡುವಿನ ಸಂದಿಯಲ್ಲಿ ನದಿ ಬಿಟ್ಟು ಹೋದ ಸಣ್ಣ ಮರಳು. ನೀರು ಏರಿದಾಗ ಎಲ್ಲವೂ ಮುಳುಗುತ್ತದೆ, ಇಳಿದಾಗ ಮತ್ತೆ ಬರುತ್ತದೆ. ಅಮ್ಮ ಇಳಿಯಲು ಅಜ್ಜ ಕೈ ಕೊಟ್ಟು, "ಚಪ್ಪಲಿ ಬಿಡ್ರಿ ಅವ್ವಾರ, ಬಂಡಿ ಜಾರತೈತಿ" ಅಂತ ಎಚ್ಚರಿಸಿದರು.

ನೀರುನಾಯಿ ನಮಗೆ ಕಾಣಲಿಲ್ಲ. ಆದರೆ ಅಜ್ಜ ಒಂದು ಬಂಡೆ ಹತ್ತಿರ ಹರಿಗೋಲು ನಿಲ್ಲಿಸಿ, ಅದರ ಮೇಲೆ ಬಿದ್ದಿದ್ದ ಮೀನಿನ ಪೊರೆ, ಮುಳ್ಳು ತೋರಿಸಿದರು. ಅವು ಕೂತು ತಿನ್ನುವ ಜಾಗ ಅದು. ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಹಂಪಿ ಅದರ ನಡುವೆಯೇ ಬರುತ್ತದೆ. ಅಷ್ಟು ಜನ ಇಲ್ಲಿಗೆ ಬರುತ್ತೇವೆ, ಈ ಸುದ್ದಿ ಎಷ್ಟು ಜನಕ್ಕೆ ಗೊತ್ತು?

ಉಳಿದುಕೊಂಡದ್ದು ನದಿಯ ಆಚೆ, ಆನೆಗೊಂದಿಯ ಒಂದು ಮನೆಯಲ್ಲಿ. ವಿಜಯನಗರಕ್ಕಿಂತ ಹಳೆಯ ಊರು ಇದು. ಊಟದ ಬಗ್ಗೆ ಎರಡು ಮಾತು: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಮೇಲೆ ಗಟ್ಟಿ ಮೊಸರು. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಮೆನು ಕಾರ್ಡ್ ಇಲ್ಲ, ಅವರು ಉಣ್ಣುವುದನ್ನೇ ನಮಗೂ ಹಾಕಿದರು. ಕೋಣೆ ಸರಳ, ಸೊಳ್ಳೆ ಪರದೆ ಇದೆ, ಬಿಸಿನೀರು ಬೆಳಿಗ್ಗೆ ಮಾತ್ರ. ನಮಗೆ ಅಷ್ಟು ಸಾಕಿತ್ತು.

ಆ ಮನೆಯ ಅಕ್ಕನಿಗೆ ಇಷ್ಟದ ಜಾಗ ಹುಚ್ಚಪ್ಪಯ್ಯನ ಮಠ. ನದಿ ದಂಡೆ ಕಡೆ ಇರುವ ಸಣ್ಣ ಕಟ್ಟಡ. ಒಳಗೆ ತಿರುಗಣಿಯಲ್ಲಿ ಕಡೆದ ಕಪ್ಪು ಕಲ್ಲಿನ ಕಂಬಗಳು, ಮುಟ್ಟಿದರೆ ನುಣುಪು. ಚಾವಣಿಯಲ್ಲಿ ಬಣ್ಣ ಮಾಸಿದ ಚಿತ್ರಗಳು. ವಿರೂಪಾಕ್ಷದ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ನೋಡಿದವರಿಗೆ ಇದು ಇನ್ನೂ ಹಿಡಿಸುತ್ತದೆ. ಬಾಳೆನಾರಿನ ಕೆಲಸವನ್ನೂ ಅಕ್ಕನೇ ತೋರಿಸಿದರು. ಕೊಯ್ಲು ಮುಗಿದ ಬಾಳೆ ದಿಂಡಿನಿಂದ ನಾರು ತೆಗೆದು, ಹೊಸೆದು, ಚೀಲ, ಚಾಪೆ, ಬುಟ್ಟಿ ಮಾಡುತ್ತಾರೆ. ಕಿಷ್ಕಿಂದಾ ಟ್ರಸ್ಟ್ ಈ ಕೆಲಸವನ್ನು ಊರಿನ ಹೆಣ್ಣುಮಕ್ಕಳ ಕೈಗೆ ಕೊಟ್ಟಿದೆ. ಮಗಳು ಒಂದು ಚೀಲ ತಗೊಂಡಳು. ಹೊಲಿಗೆ ಗಟ್ಟಿ, ಅಂಚು ಬಿಚ್ಚಿಲ್ಲ, ಕಾಲೇಜಿಗೆ ಅದನ್ನೇ ಹಾಕಿಕೊಂಡು ಹೋಗುತ್ತಾಳೆ. ತುರ್ತು ಕಾಲುವೆ ಪಕ್ಕದಲ್ಲಿ ಬಾಳೆ ತೋಟ ನೋಡಿ ಬಂದವರಿಗೆ ಹಂಪಿಯಿಂದ ಕೊಂಡೊಯ್ಯಲು ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ ಅಂತ ನನ್ನ ಅಭಿಪ್ರಾಯ.

ಅಮ್ಮ ನವಬೃಂದಾವನಕ್ಕೆ, ಅಂದರೆ ನದಿ ನಡುಗಡ್ಡೆಯಲ್ಲಿರುವ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿಗೆ, ಹೋಗಬೇಕು ಅಂದಿದ್ದರು. ದೋಣಿಯಲ್ಲಿ ಕರೆದುಕೊಂಡು ಹೋಗಿ ಬಂದೆವು. ವ್ಯಾಸರಾಯರ ಬೃಂದಾವನದ ಮುಂದೆ ಅವರು ಹಾಡು ಹೇಳಿಕೊಂಡು ಕೂತರು.

ನಾನು ಮತ್ತು ಮಗಳು ಹೋದದ್ದು ಹಿರೇಬೆಣಕಲ್‌ಗೆ. ಇದೂ ಅಕ್ಕನ ಮನೆಯವರ ಸಲಹೆ. ಗಂಗಾವತಿ ದಾಟಿ ಸ್ವಲ್ಪ ದೂರ, ಆಮೇಲೆ ಬೆಟ್ಟ ಹತ್ತಬೇಕು. ದಾರಿ ತೋರಿಸಲು ಆ ಹಳ್ಳಿಯ ಕುರಿ ಕಾಯುವ ಅಣ್ಣ ಬಂದರು. ಊರಿನವರು ಇದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ಮೇಲೆ ಹೋದರೆ ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಪುಟ್ಟ ಪುಟ್ಟ ಮನೆಗಳ ಹಾಗೆ ಸಮಾಧಿಗಳು. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಚಪ್ಪಡಿಯಲ್ಲಿ ದುಂಡಗಿನ ತೂತು. ಇಂಥವು ಸುಮಾರು 400 ಇವೆ. ವಿಜಯನಗರಕ್ಕಿಂತ ಸಾವಿರಾರು ವರ್ಷ ಹಳೆಯವು, ಕಬ್ಬಿಣದ ಯುಗದವು. ಕೆಲವು ನನ್ನ ಎತ್ತರಕ್ಕಿಂತ ಎತ್ತರ. ಪಕ್ಕದಲ್ಲಿ ಕೆರೆ, ಚಪ್ಪಡಿ ಎಬ್ಬಿಸಿದ ಜಾಗ. ಇನ್ನೊಂದು ಬಂಡೆಯ ಮೇಲೆ ಅರೆಗೋಳದ ದೊಡ್ಡ ನಗಾರಿ ಕಲ್ಲು. ಅಣ್ಣ ಸಣ್ಣ ಕಲ್ಲು ತಗೊಂಡು ಅದಕ್ಕೆ ಮೆಲ್ಲಗೆ ಬಡಿದರು. ಲೋಹದ ಹಾಗೆ ದನಿ ಬಂತು. ಮಗಳು ಬೆಚ್ಚಿದಳು. ಈ ಜಾಗ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಹಂಪಿ 1986ರಲ್ಲೇ ಪೂರ್ಣ ಪಟ್ಟಿಯಲ್ಲಿದೆ. ಎರಡನ್ನೂ ಒಟ್ಟಿಗೆ ನೋಡಿದರೆ ಈ ಬಂಡೆಗಳ ನಾಡಿನಲ್ಲಿ ಜನ ಎಷ್ಟು ಹಿಂದಿನಿಂದ ಕಲ್ಲಿನ ಜೊತೆ ಬಾಳಿದ್ದಾರೆ ಅನ್ನುವುದು ತಿಳಿಯುತ್ತದೆ. ಮೊಣಕಾಲು ಗಟ್ಟಿ ಇರುವವರು ಬಿಡಬೇಡಿ.

ಕೊರತೆಗಳನ್ನೂ ಹೇಳಬೇಕು. ಟಿಕೆಟ್ ಇರುವ ಜಾಗಗಳಲ್ಲಿ ಶೌಚಾಲಯ, ನೀರು ಇದೆ. ಭೀಮನ ಬಾಗಿಲು, ಕೋಟಿಲಿಂಗ, ಹಿರೇಬೆಣಕಲ್‌ಗಳಲ್ಲಿ ನಮಗೆ ಏನೂ ಸಿಗಲಿಲ್ಲ. ಹೆಣ್ಣುಮಕ್ಕಳಿಗೆ ಇದು ದೊಡ್ಡ ತೊಂದರೆ. ಭೀಮನ ಬಾಗಿಲಿನ ಒಳಗೆ ಬಾಟಲಿ ಬಿದ್ದಿತ್ತು, ಗೈಡ್ ಎತ್ತಿ ಆಟೊದಲ್ಲಿ ಹಾಕಿಕೊಂಡರು. ಗೋಡೆ ಮೇಲೆ ಹೆಸರು ಕೆತ್ತಿದ್ದೂ ಕಂಡಿತು, ನೋಡಿ ಹೊಟ್ಟೆ ಉರಿಯಿತು. ಗಜಶಾಲೆಯ ಹಿಂದಿನ ವಿಷ್ಣು ದೇವಸ್ಥಾನದ ಕಂಬ ಬೀಳಿಸಿದ ಹುಡುಗರಿಗೆ 2019ರಲ್ಲಿ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಲ್ಲೇ ಕಂಬ ನಿಲ್ಲಿಸಿತ್ತು. ಮಕ್ಕಳ ಜೊತೆ ಹೋಗುವವರು ಆ ಕಂಬದ ಹತ್ತಿರ ನಿಂತು ಈ ಕಥೆಯನ್ನು ಅವರಿಗೆ ಹೇಳಿ.

ಖರ್ಚು: ಗೈಡ್‌ಗೆ ನಾವು ಇಡೀ ದಿನಕ್ಕೆ ಕೊಟ್ಟಿದ್ದು 2500 ರೂಪಾಯಿ, ಆಟೊ ಬೇರೆ. ಅವರು ಕೊಟ್ಟ ಸಮಯ, ತಿಳಿವಳಿಕೆ ನೋಡಿದರೆ ಇದು ಜಾಸ್ತಿ ಅಲ್ಲವೇ ಅಲ್ಲ. ದರವನ್ನು ಮೊದಲೇ ಮಾತಾಡಿಕೊಳ್ಳಿ, ಗುರುತಿನ ಚೀಟಿ ನೋಡಿ. ಮಧ್ಯಾಹ್ನದ ಊಟಕ್ಕೆ ನಿಮ್ಮ ಜೊತೆಗೇ ಕೂರಿಸಿಕೊಳ್ಳಿ, ಒಳ್ಳೆಯ ಮಾತುಗಳು ಬರುವುದು ಅಲ್ಲೇ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಹೋದದ್ದು ಶೌಚಾಲಯಕ್ಕೆ, ಗೈಡ್‌ಗೆ ಅಲ್ಲ.

ವಿಠ್ಠಲ ದೇವಸ್ಥಾನ, ಕಮಲ ಮಹಲ್ ಇರುವ ಜನಾನಾ ಆವರಣ, ಕಮಲಾಪುರದ ಮ್ಯೂಸಿಯಂ, ಮೂರಕ್ಕೂ ಒಂದೇ ಟಿಕೆಟ್ ಅದೇ ದಿನ ನಡೆಯುತ್ತದೆ, ಕಳೆದುಕೊಳ್ಳಬೇಡಿ. ಮ್ಯೂಸಿಯಂಗೆ ಶುಕ್ರವಾರ ರಜೆ. ಅಲ್ಲಿ ಇಡೀ ಹಂಪಿಯ ನೆಲದ ದೊಡ್ಡ ಮಾದರಿ ಇದೆ, ಅದನ್ನು ಮೊದಲು ನೋಡಿ ಆಮೇಲೆ ತಿರುಗಾಡಲು ಹೋಗಿ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿಗೋಲು ನಿಲ್ಲಿಸುತ್ತಾರೆ, ಕೋಟಿಲಿಂಗ ನೋಡಬೇಕು ಅನ್ನುವವರು ನವೆಂಬರ್ ನಂತರ ಹೊರಡಿ.